ಎರಡನೇ ಕರೆ

ಖಾನಾಪುರದ ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಕವ್ವ ಎಂಬ ಮುದುಕಿ ತನ್ನ ಸರದಿ ಬಂದಾಗ ಚಹಾ ಕುಡಿಯಲು ಹೋಗಿದ್ದಳು. ಅಷ್ಟಕ್ಕೇ ಬೆಳಗಾವಿಯ ಟಿಳಕವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತಿದ್ದ ನಾಗಲಿಂಗನ ಗ್ರಹಚಾರ ಕೆಟ್ಟಿತು.

ರೋಗಿಗಳನ್ನು ಹೆಸರು ಹಿಡಿದು ಕರೆಯುವ ಪ್ರೋಗ್ರಾಂ ಅವನದು. ಬಾರದವರನ್ನು ಅದು ಎರಡನೇ ಸಲ ಕರೆಯಬೇಕು. ಅಕ್ಕವ್ವನನ್ನು ಹಾಗೆ ಕರೆಯಹೋಗಿ, ಅದನ್ನು ಮಾಡುವ ಫಂಕ್ಷನ್ನೇ ಸಿಗುತ್ತಿಲ್ಲವೆಂದು ಪ್ರೋಗ್ರಾಂ ಸತ್ತುಬಿದ್ದಿತ್ತು.

"ಮುಂಜಾನಿಯಿಂದ ಛಲೋ ನಡದಿತ್ತಲ್ಲೋ?" ಎಂದಳು ಪಕ್ಕದ ಕುರ್ಚಿಯ ಬಿಲ್ಕೀಸ.

"ಪ್ರೋಗ್ರಾಂನ್ಯಾಗ ಬರೇ ಹೆಸರು ಇರ್ತೈತಿ, ಕೆಲಸ ಮಾಡೂದು ಲೈಬ್ರರಿ ಅನ್ನೂ ಬ್ಯಾರೆ ಫೈಲು. ಕರದಾಗಷ್ಟ ಸಾಲು ಹಿಡದು ಹುಡುಕತೈತಿ. ಆ ಹೆಸರು ಮೊದಲ ಯಾವ ಲೈಬ್ರರ್ಯಾಗ ಸಿಗತೈತೋ ಅದನ್ನ ಹಿಡೀತೈತಿ. ಕರೀಲಿಲ್ಲಂದ್ರ ಹುಡುಕೂದೂ ಇಲ್ಲ."

"ಮತ್ತ ನಿನ್ನ ಕಂಪ್ಯೂಟರನ್ಯಾಗ ಹೆಂಗ ಬರೋಬರಿ ಇತ್ತು?"

ನಾಗಲಿಂಗ ಕಿವಿಯವರೆಗೂ ಕೆಂಪಾದ. ಆಸ್ಪತ್ರೆಗೆ ಕಳಿಸಿದ ಹೊಸ ಲೈಬ್ರರಿಯಲ್ಲಿದ್ದದ್ದು ಕಂಪನಿ ಮಾಲಕರ ಹೆಂಡತಿಯ ದನಿ; ಎರಡನೇ ಕರೆ ಅದರಲ್ಲಿರಲೇ ಇಲ್ಲ. ಅವನ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲದಕ್ಕಿಂತ ಮುಂದೆ ನಿಂತದ್ದು ಐಶ್ವರ್ಯಾ ತನ್ನ ದನಿಯಲ್ಲೇ ಮಾಡಿಟ್ಟುಹೋದ ಹಳೆಯ ಲೈಬ್ರರಿ. ಬಿಲ್ಕೀಸ ಕೂತ ಕುರ್ಚಿ ಆಗ ಐಶ್ವರ್ಯಾಳದು. ಈಗ ಅವಳು ತನ್ನೂರು ಖಾನಾಪುರದಲ್ಲಿ ಕಾಲೇಜು ಉಪನ್ಯಾಸಕಿ. ನಾಗಲಿಂಗ ದಿನಾ ಯಾವುದಾದರೂ ಹೆಸರು ಹಾಕಿ, "ಬರ್ರಿ" ಎನ್ನುವ ಅವಳ ದನಿಯನ್ನು ಬಿಸಿ ಭಜಿಯಂತೆ ಕಣ್ಮುಚ್ಚಿ ಸವಿದು, 'ಬಂದರು' ಎಂಬ ಗುಂಡಿ ಒತ್ತಿಬಿಡುತ್ತಿದ್ದ. ಎರಡನೇ ಸಲ ಕರೆಯುವವರೆಗೆ ಅವಳನ್ನು ಕಾಯಿಸಲು ಮನಸ್ಸಾಗುತ್ತಿರಲಿಲ್ಲ.

"ನೀ ಕುಂದರೋ, ಖಾನಾಪುರಕ್ಕ ನಾ ಹೋಗ್ತೀನಿ" ಎಂದ ಪ್ರಸಾದ. ಹಿಂದೆ ಟೆಸ್ಟಿಂಗ್ ಮಾಡುತ್ತಿದ್ದವನು, ಈಗ ಮ್ಯಾನೇಜರು.

ಅವನ ಮಾತು ಮುಗಿಯುವ ಮೊದಲೇ ನಾಗಲಿಂಗ ಬಸ್ ಸ್ಟ್ಯಾಂಡಿನಲ್ಲಿದ್ದ. ಕಿಟಕಿ ಪಕ್ಕ ಕೂತು ತಲೆ ಬಾಚಿದ, ಗಾಳಿ ಕೆದರಿತು, ಮತ್ತೆ ಬಾಚಿದ. ಊರು ಬರುವಷ್ಟರಲ್ಲಿ ಅವನ ತಲೆ ಹಂದಿ ಹೊಕ್ಕ ಕಬ್ಬಿನ ಹೊಲವಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹಲ್ಲು ಕಡಿಯುತ್ತಿದ್ದರು. ಬೇರೆ ದಾರಿ ಕಾಣದೆ ನಾಗಲಿಂಗ ಐಶ್ವರ್ಯಾಳ ಲೈಬ್ರರಿಯನ್ನೇ ಅಲ್ಲಿಯೂ ಮುಂದೆ ನಿಲ್ಲಿಸಿದ.

"ಆಯಿ, ಎರಡನೇ ಸಲ ಕರಿಯೂತನಕ ಏಳಬ್ಯಾಡ್ರಿ" ಎಂದ ಅಕ್ಕವ್ವನಿಗೆ.

"ಅಕ್ಕವ್ವ ಅವರ, ಬರ್ರಿ" ಎಂದಿತು ದನಿ. ಅಕ್ಕವ್ವ ಬಂಡೆಯಂತೆ ಕೂತಳು. ಸ್ವಲ್ಪ ಹೊತ್ತಿಗೆ ಸ್ಪೀಕರು ಗಂಟಲು ಸರಿಪಡಿಸಿಕೊಂಡಿತು.

"ನಾಗಲಿಂಗ ಅವರ, ಎದುರಿಗೆ ಹೇಳಾಕ ಧೈರ್ಯ ಇಲ್ಲಂತ ಇದರಾಗ ಹೇಳೇನಿ. ನಿಮ್ಮ ಬಾಜೂ ಕುರ್ಚಿ ಬಿಟ್ಟ ಹೋಗಾಕ ಮನಸ್ಸಿಲ್ಲ. ಇರ್ರಿ ಅಂದ್ರ ಇರ್ತೀನಿ."

"ಇದು ನನಗಲ್ಲ ಬಿಡಪ್ಪಾ," ಎಂದಳು ಅಕ್ಕವ್ವ. ಅವನ ಮುಖ ನೋಡಿ ಕೋಲೆತ್ತಿದಳು. "ನೀನ ಹೌದಲ್ಲೋ? ಓಡೋ ಮೂಳ!"

ಕಣ್ಣಿಗೆ ಪಟ್ಟಿ ಕಟ್ಟಿದ್ದವನೊಬ್ಬ ಆ ದನಿಯ ಗುರುತು ಹಿಡಿದು, ಕೈಮಾಡಿ ಐಶ್ವರ್ಯಾಳ ಮನೆ ತೋರಿಸಿದ. ನಾಗಲಿಂಗ ಓಡಿದ.

ಐಶ್ವರ್ಯಾ ಬಾಗಿಲಲ್ಲೇ ಸಿಕ್ಕಳು.

"ಇವತ್ತ ಕೇಳಿದ್ನಿ" ಎಂದ ಏದುಸಿರಿನಲ್ಲಿ. "ಎರಡನೇ ಕರಿ."

ಅವಳು ಹಿಂದಿನ ಬಾಗಿಲನ್ನು ಅರ್ಧ ಎಳೆದುಕೊಂಡಳು. "ಭಾಳ ದಿನಾ ದಾರಿ ನೋಡಿದ್ನಿರಿ. ಟೆಸ್ಟಿಂಗ್ ಮಾಡೂಮುಂದ ಪ್ರಸಾದ ಅವರು ಆ ಕರಿ ಕೇಳಿದ್ರಂತ. ನಿಮಗ ಹೇಳಿದ್ದಕ್ಕ ನೀವು ಒಲ್ಲೆ ಅಂದ್ರಂತ ಹೇಳಾಕ ಇಲ್ಲೀತನಕ ಬಂದಿದ್ರು. ಅಳಬ್ಯಾಡ ಅಂದ್ರು. ಆಮ್ಯಾಲ ಐತವಾರಕ್ಕೊಮ್ಮೆ ಬಂದ್ರು..." ಅವಳ ಬೆರಳಿನಲ್ಲಿ ಹೊಸ ಉಂಗುರವಿತ್ತು. "ನೀವು ಒಲ್ಲೆ ಅಂದಿರಲಿಲ್ಲೇನ್ರಿ?"

"ನನಗ ಯಾರೂ ಕೇಳಲೇ ಇಲ್ರಿ."

ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಅವನ ಫೋನೂ ಬಡಿದುಕೊಂಡಿತು. ಡಾಕ್ಟರು. "ಆ ಹುಡುಗಿ ದನಿ ಮೊದಲ ತಗೀರಿ! ಇಲ್ಲಿ ಒಬ್ಬರೂ ಏಳವಲ್ರು!"

ಹಿಂದಿರುಗಿ ಬಂದಾಗ ಆಸ್ಪತ್ರೆ ಗಿಜಿಗುಡುತ್ತಿತ್ತು. ಮೊದಲನೇ ಕರೆಗೆ ಯಾರೂ ಮಿಸುಕುತ್ತಿರಲಿಲ್ಲ. ಎರಡನೆಯದಕ್ಕೆ ಎಲ್ಲರೂ ಕಿವಿ ತೆರೆದು ಕೂತಿದ್ದರು. ಅಕ್ಕವ್ವ ಸರಿದು ಜಾಗ ಕೊಟ್ಟಳು.

"ತಗೀತೀರೋ ಇಲ್ಲೋ?" ಎಂದು ಡಾಕ್ಟರು ಗುಡುಗಿದರು.

"ತಗೀತೀನ್ರಿ ಸರ್," ಎಂದು ನಾಗಲಿಂಗ ಅಕ್ಕವ್ವನ ಪಕ್ಕ ಕೂತ. "ಇದೊಂದ ಸಲ ಮುಗೀಲಿ."