ಮೈಕ್ ಆಟೋದಲ್ಲಿ ಮಗಳ ಆಲ್ಬಮ್

ಮೈಕ್ ಹಿಡಿದವನು ಎಡವಟ್ಟುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಆಟೋ ಹತ್ತಿ ಕೂರುತ್ತವೆ. ಹುಣಸೂರಿನಲ್ಲಿ ನನ್ನದೊಂದು ಪ್ರಚಾರದ ಆಟೋ ಇದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ನನ್ನ ಮುಖ ಗೊತ್ತಿಲ್ಲದವರಿಗೂ ನನ್ನ ಗಂಟಲು ಗೊತ್ತು. ನಾಟಕ, ಸೀರೆ ಸೇಲು, ಕಳೆದುಹೋದ ಎಮ್ಮೆ, ಯಾರದಾದರೂ ಸಾವು, ಎಲ್ಲವೂ ಒಂದು ಕಾಲಕ್ಕೆ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕಿತ್ತು. ಈಗ ಎಲ್ಲರ ಜೇಬಿನಲ್ಲೂ ಮೊಬೈಲು. ಕೆಲಸ ಕಡಿಮೆ, ನೆನಪು ಜಾಸ್ತಿ. ಅದರಲ್ಲೂ ಮಗಳ ಆಲ್ಬಮ್ ಬಂದ ಆ ತಿಂಗಳು ಮರೆಯುವ ಹಾಗೇ ಇಲ್ಲ.

ಮಗಳು ರ‍್ಯಾಪರ್. ಡಿಗ್ರಿ ಮುಗಿಸಿ ಬಿ.ಎಡ್. ಮಾಡುತ್ತಾಳೆಂದು ನನ್ನ ಹೆಂಡತಿ ಕಾದಿದ್ದರೆ, ಇವಳು ಎಂಟು ಹಾಡು ಬರೆದುಕೊಂಡು ಬಂದು ಆಲ್ಬಮ್ ಮಾಡುತ್ತೇನೆ ಎಂದಳು. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ನಾಲ್ಕನೆಯ ದಿನ ಹೆಂಡತಿ ಷರತ್ತು ಹಾಕಿದಳು.

"ಮೊಬೈಲಲ್ಲಿ ಯಾರ‍್ಯಾರೋ ಹೆಬ್ಬೆಟ್ಟು ಒತ್ತೋದು ನಂಗ್ ಬ್ಯಾಡ. ಬಿ.ಎಡ್. ಅರ್ಜಿ ಆಕೋ ಕೊನೇ ದಿನದೊಳ್ಗೆ ನಮ್ ಕಡೆ ಜನ ಒಬ್ರಾದ್ರೂ ತಾವಾಗೇ ಬಾಯ್ಬುಟ್ಟು 'ಆ ಹಾಡಾಕು' ಅಂತ ಕೇಳ್ಲಿ, ನಾನು ಸುಮ್ಕಾಯ್ತೀನಿ. ಇಲ್ದಿದ್ರೆ ಹಾಡೂ ಇಲ್ಲ ಗೀಡೂ ಇಲ್ಲ, ಅರ್ಜಿ ಆಕು."

ಮಗಳು ಒಪ್ಪಿದಳು. ಒಪ್ಪಿದ ಮೇಲೆ ರಾಗಿಮುದ್ದೆ ನುಂಗುವುದೂ ಅವಳಿಗೆ ಕಷ್ಟವಾಯಿತು.

ಬ್ಯಾರನ್ ಸ್ಟುಡಿಯೋ

ರೆಕಾರ್ಡಿಂಗಿಗೆ ಮೈಸೂರಿಗೆ ಹೋಗುವ ತಾಕತ್ತು ನಮಗಿರಲಿಲ್ಲ. ಗಾವಡಗೆರೆ ಹತ್ತಿರ ಪರಿಚಯದ ರೈತರೊಬ್ಬರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಖಾಲಿ ಬಿದ್ದಿತ್ತು. ಎತ್ತರದ ದಪ್ಪ ಗೋಡೆ, ಬಾಗಿಲು ಹಾಕಿದರೆ ಹೊರಗಿನ ಕೋಳಿಯೂ ಕೇಳಿಸದು. ಒಳಗೆ ಹಳೇ ರಗ್ಗು ಕಟ್ಟಿ, ಮೈಕ್ ಇಟ್ಟೆವು. ತೊಂದರೆ ಒಂದೇ, ಸೊಪ್ಪಿನ ಘಾಟು. ಅರ್ಧ ಸಾಲು ಹೇಳುವಷ್ಟರಲ್ಲಿ ಮಗಳಿಗೆ ಸೀನು. ಮತ್ತೆ ಮೊದಲಿಂದ, ಮತ್ತೆ ಸೀನು. ಒಂದು ಸಾಲಿಗೆ ಒಂದು ಬೆಳಗು ಹೋಯಿತು.

ಮಧ್ಯಾಹ್ನ ಆ ರೈತರು ನನ್ನನ್ನು ಪಕ್ಕಕ್ಕೆ ಕರೆದರು. ಬಾಗಿಲಿಗೆ ಕಿವಿಯಿಟ್ಟು ಕೇಳಿದ್ದರಂತೆ.

"ಪಾಪ, ಮಗೀಗೆ ಪಾಠ ಬಾಯಿಗೆ ಅತ್ತಾ ಇಲ್ಲ ಕಣಪ್ಪ, ಒಂದೇ ಸಾಲ ಬೆಳಗ್ಗಿಂದ ಉರು ಒಡೀತಾವ್ಳೆ. ಬೈಬ್ಯಾಡ. ನಮ್ಮುಡ್ಗನೂ ಇಂಗೇ ಇದ್ದ, ಮೂರ್ನೇ ಸಲಕ್ಕೆ ಪಾಸಾದ."

ಅವ್ವನ ತೀರ್ಪು

ನಮ್ಮವ್ವನ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರು ಉತ್ತ ಹೊಲ, ಸಾಕಿದ ದನ, ಆಡಿದ ಮಾತು, ಎಲ್ಲವನ್ನೂ ಪ್ರಾಸ ಕೂಡಿಸಿ, ಎದೆ ಬಡಿದುಕೊಳ್ಳುವ ತಾಳಕ್ಕೆ ಸರಿಯಾಗಿ ಹೇಳುತ್ತಾರೆ. ಅವ್ವ ಅದರಲ್ಲಿ ಎತ್ತಿದ ಕೈ. ಅವಳು ಬರುವ ತನಕ ಹೆಣ ಎತ್ತುತ್ತಿರಲಿಲ್ಲ. ಅವಳ ಸೆರಗು ಹಿಡಿದು ಎಷ್ಟು ಸಾವಿನ ಮನೆಗಳಿಗೆ ಹೋಗಿದ್ದೇನೋ ಲೆಕ್ಕವಿಲ್ಲ. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲೇ. ಈಗ ಹಾಗೆ ಅಳುವವರು ಕಡಿಮೆಯಾಗಿದ್ದಾರೆ.

ಆಲ್ಬಮ್ಮಿನ ಎಂಟನೆಯ ಹಾಡನ್ನು ಮಗಳು ನನ್ನ ಮೇಲೆ ಕಟ್ಟಿದ್ದಳು. ನಾನು ಸುತ್ತಿದ ಊರು, ಕೂಗಿದ ಕೂಗು, ನೆನೆದ ಮಳೆ, ಕುಡಿದ ಧೂಳು, ಎಲ್ಲ ಅಜ್ಜಿಯ ತಾಳದಲ್ಲೇ. ಅವ್ವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಎದುರಿಗೆ ಕೂತಳು. ಅವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬೋ ಸಂದಾಗದೆ ಕಣವ್ವ. ತೀರ‍್ಕೊಂಡೋರು ಯಾರು?"

"ಯಾರೂ ತೀರ‍್ಕೊಂಡಿಲ್ಲ ಅಜ್ಜಿ. ಅಪ್ಪನ ಮೇಲೆ ಕಟ್ಟಿದ್ದು."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ನು ಇನ್ನೂ ಇಲ್ಲೇ ಅವ್ನಲ್ಲ! ಇಷ್ಟು ಒಳ್ಳೇ ಹಾಡ ಯಾಕವ್ವ ಈಗ್ಲೇ ಕರ್ಚು ಮಾಡ್ಬುಟ್ಟೆ?"

ಮಿರ್ಲೆ ಮತ್ತು ಸರಗೂರು

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೂರಿಗೆ ಹೊರಟೆ. ಮಿರ್ಲೆಯಲ್ಲಿ ಮೊದಲ ಹಾಡು ಹಾಕಿದೆ. ಬಾರದ ಬಸ್ಸು, ಕಿತ್ತ ರಸ್ತೆ, ಸುಟ್ಟ ಮೋಟರಿನ ಮೇಲಿನ ಹಾಡು. ಜಗುಲಿಯ ಮೇಲಿದ್ದ ಹಿರಿಯರು ಬೀಡಿ ಆರಿಸಿ ಕೊನೆಯವರೆಗೂ ಕೇಳಿದರು. ಮಗಳ ಮುಖ ಅರಳಿತು. ಒಬ್ಬರು ಎದ್ದು ಬಂದರು.

"ಸರಿಯಾಗ್ ಕೇಳ್ದೆ ಕಣವ್ವ. ಯಾವ ಪಕ್ಷ?"

"ಪಕ್ಷ ಇಲ್ಲ ತಾತ."

"ಓ, ಪಕ್ಷೇತರ. ಗೆಲ್ಲಾಕಿಲ್ಲ ಬುಡು. ಆದ್ರೂ ನನ್ ಓಟು ನಿಂಗೇಯ."

ಸರಗೂರಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಒಬ್ಬಾತ ಆಟೋ ಹಿಂದೆಯೇ ಓಡಿ ಬಂದ. "ಅಣ್ಣೋ, ಒಂದ್ ಹಾಡಾಕಿ!" ಮಗಳು ಸೀಟಿನಲ್ಲಿ ಅರ್ಧ ಎದ್ದೇಬಿಟ್ಟಳು. "ಯಾವ ಹಾಡು?" ಎಂದೆ.

"ಓದ್ವಾರ ಸೀರೆ ಸೇಲಿಗೆ ಆಕಿದ್ರಲ್ಲ, ಅದು."

ಮಗಳು ಮನೆಗೆ ಬಂದವಳೇ, ಅರ್ಜಿಗೆ ಅಂಟಿಸಲು ಪಾಸ್‌ಪೋರ್ಟ್ ಸೈಜಿನ ಫೋಟೋ ಹುಡುಕತೊಡಗಿದಳು.

ಅರ್ಜಿಯ ಹಿಂದಿನ ದಿನ

ಅಷ್ಟೂ ದಿನ ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ಅರ್ಜಿಗೆ ಒಂದೇ ದಿನ ಉಳಿದಿತ್ತು. ಹೆಂಡತಿ ನನ್ನನ್ನು ಮೈಸೂರಿಗೆ ಎಳೆದುಕೊಂಡು ಹೋದಳು. ಡಾಕ್ಟರು ವಾರ ಪೂರ್ತಿ ಮೌನ ಎಂದರು. ಅವರ ಮುಂದೆ ಮೊಬೈಲು ಆಫ್ ಮಾಡಿದವನು ಮತ್ತೆ ಆನ್ ಮಾಡುವುದನ್ನು ಮರೆತೆ.

ಇತ್ತ ಆಟೋವನ್ನು ಪಿರಿಯಾಪಟ್ಟಣದ ಕಡೆಗೆ ಒಯ್ದವನು ನನ್ನ ಬಾಮೈದ. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವ ಮನುಷ್ಯ. ಹಾಡು ಬದಲಿಸಲು ಅವನಿಗೆ ಬಾರದು, ಹಾಗಾಗಿ ಎಂಟನೆಯ ಹಾಡೇ ತಿರುಗಿ ತಿರುಗಿ ಬರುತ್ತಿತ್ತು. ಆಟೋ ಮುಂಭಾಗಕ್ಕೆ ಆಲ್ಬಮ್ಮಿನ ಪೋಸ್ಟರ್ ಅಂಟಿಸಿದ್ದೆವು. ಅದರಲ್ಲಿದ್ದದ್ದು ಮೈಕ್ ಹಿಡಿದ ನನ್ನ ಹಳೇ ಫೋಟೋ. ಬಾಮೈದ ದೈವಭಕ್ತ. ಬೆಳಗ್ಗೆ ಆಟೋಗೆ ಹಾಕುವ ಹೂವಿನ ಹಾರವನ್ನು ಚೆನ್ನಾಗಿ ಕಾಣಲಿ ಎಂದು ಆ ಫೋಟೋಗೇ ಹಾಕಿದ್ದ.

ನೀವೇ ಯೋಚಿಸಿ. ಸಾವು ಸಾರುವ ಆಟೋ. ನಾನು ಇಲ್ಲ, ನನ್ನ ಗಂಟಲೂ ಇಲ್ಲ. ಫೋಟೋಗೆ ಹಾರ. ಒಳಗೆ ಮಗಳ ದನಿ ಸಾವಿನ ಮನೆಯ ತಾಳದಲ್ಲಿ ನಮ್ಮಪ್ಪ ಹಾಗೆ, ನಮ್ಮಪ್ಪ ಹೀಗೆ ಎನ್ನುತ್ತಿದೆ. ಜನ ನನಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಬಾಮೈದನನ್ನು ಕೇಳಿದರೆ ಅವನು ಎಂದಿನಂತೆ ತಲೆ ಬಗ್ಗಿಸಿದ.

ಸಂಜೆ ನಾವಿಬ್ಬರು ಬಂದಾಗ ಮನೆ ಮುಂದೆ ಪಿರಿಯಾಪಟ್ಟಣದ ಕಡೆಯ ಎರಡು ಟೆಂಪೋ ಜನ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಮಗಳು "ಅಪ್ಪ ಬದುಕವ್ರೆ" ಎಂದು ಕೂಗುತ್ತಿದ್ದಾಳೆ, ದುಃಖಕ್ಕೆ ಹಾಗೆನ್ನುತ್ತಾಳೆಂದು ಇಬ್ಬರು ಅವಳನ್ನು ತಬ್ಬಿ ಹಿಡಿದಿದ್ದಾರೆ. ನಡುವೆ ನಮ್ಮವ್ವ! ಅಳು ಕಿವಿಗೆ ಬಿದ್ದದ್ದೇ, ಸತ್ತವರು ಯಾರೆಂದೂ ಕೇಳದೆ, ಹಳೇ ಅಭ್ಯಾಸಬಲದಿಂದ ಕೂತು ಶುರು ಮಾಡಿಬಿಟ್ಟಿದ್ದಳು. ಊರಿಗೆಲ್ಲ ಸಾವು ಸಾರಿದ ನನಗೆ, ನಾನು ಬದುಕಿದ್ದೇನೆಂದು ಸಾರಲು ದನಿಯಿಲ್ಲ. ದೊಡ್ಡ ಹಾರ ಹಿಡಿದು ನಿಂತಿದ್ದ ಹಿರಿಯರೊಬ್ಬರ ಭುಜ ಮುಟ್ಟಿದೆ. ಅವರು ತಿರುಗಿ ನೋಡಿ ಹಾರವನ್ನೂ ಬಿಟ್ಟರು, ಚಪ್ಪಲಿಯನ್ನೂ ಬಿಟ್ಟು ಓಡಿದರು.

"ಬದುಕವ್ರೆ ಕಣ್ರಪ್ಪೋ!" ಎಂದು ಹೆಂಡತಿ ಕೂಗಿದಳು.

ಅಳು ಗಕ್ಕನೆ ನಿಂತಿತು. ಆಗ ಒಬ್ಬ ಹೆಂಗಸು ಕಣ್ಣು ಒರೆಸಿಕೊಳ್ಳುತ್ತ ನನ್ನ ಮಗಳ ಹತ್ತಿರ ಬಂದಳು.

"ನಿಮ್ಮಪ್ಪ ಬದುಕಿರೋದು ಸಂತೋಸ ಕಣವ್ವ. ಆದ್ರೆ ಆ ಹಾಡ ಇನ್ನೊಂದ್ಸಲ ಆಕು. ನಮ್ ಅಳು ಅರ್ದಕ್ಕೇ ನಿಂತೋಯ್ತು."

ಮಗಳು ತನ್ನಮ್ಮನನ್ನು ನೋಡಿದಳು. ಹೆಂಡತಿ ಮಾತಿಗೆ ತಪ್ಪುವವಳಲ್ಲ. ಸುಮ್ಮನೆ ಒಳಗೆ ಹೋಗಿ ಎರಡು ಟೆಂಪೋ ಜನಕ್ಕೆ ಕಾಫಿಗೆ ನೀರಿಟ್ಟಳು. ಹೊರಗೆ ಹಾಡು ನಾಲ್ಕು ಸಲ ಮೊಳಗಿತು, ನಾಲ್ಕು ಸಲವೂ ಎಲ್ಲರೂ ನನ್ನ ಮುಖ ನೋಡಿಕೊಂಡೇ ಅತ್ತರು. ನಾನೂ ಅತ್ತೆ.

ಈಗಲೂ ಆ ಕಡೆ ಹೋದರೆ ಯಾರಾದರೊಬ್ಬರು ಆಟೋಗೆ ಕೈ ಅಡ್ಡ ಹಾಕುತ್ತಾರೆ.

"ಅಣ್ಣೋ, ನೀನ್ ಸತ್ತಿದ್ಯಲ್ಲ, ಆ ಹಾಡಾಕು!"