ಮೂಡಣ ದೇಶದ ರಾಜನೂ ಅಮ್ಮನ ಕಾಡಿಗೆ ಡಬ್ಬಿಯೂ

ಮನುಷ್ಯ ಒಮ್ಮೆ ರಾಜನಾಗಿಬಿಟ್ಟರೆ, ಆಮೇಲೆ ಅವನು ಕಸದ ಡಬ್ಬವನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋಗುವ ಗತ್ತೇ ಬೇರೆಯಾಗುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಷಿಕಾಗೋದ ಪಶ್ಚಿಮಕ್ಕಿರುವ ವೆಸ್ಟ್‌ಮಂಟಿನಲ್ಲಿ, ವರ್ಷಕ್ಕೊಂದು ಸಂಜೆ ನಾನು ರಾಜನಾಗಿರುತ್ತಿದ್ದೆ. ಉಳಿದ ದಿನಗಳಲ್ಲಿ ಡೆಸ್ ಪ್ಲೇನ್ಸಿನ ಒಂದು ಆಫೀಸಿನಲ್ಲಿ ಕುಳಿತು ನೀರೆತ್ತುವ ಪಂಪುಗಳ ನಕ್ಷೆ ಬರೆಯುತ್ತಿದ್ದೆ. ಆದರೆ ರಾಜತ್ವ ಎನ್ನುವುದು ಸಂಜೆ ಮುಗಿದ ತಕ್ಷಣ ಮೈಯಿಂದ ಇಳಿದುಹೋಗುವಂಥದಲ್ಲ. ಜನವರಿಯ ಬೆಳಗ್ಗೆ ನಾನು ಕಿಟಕಿಯ ಬಳಿ ಸ್ವಲ್ಪ ಹೆಚ್ಚು ಹೊತ್ತು ಗಂಭೀರವಾಗಿ ನಿಂತರೆ ಹೆಂಡತಿ ವಿಮಲಾ, "ಮಹಾಸ್ವಾಮಿಗಳು ಮೊದಲು ಡ್ರೈವ್‌ವೇಲಿರೋ ಸ್ನೋ ಎತ್ತಿ ಬಂದ್ರೆ ಕಾಫಿ ಕೊಡ್ತೀನಿ" ಎನ್ನುತ್ತಿದ್ದಳು. ನಾನು ಎತ್ತುತ್ತಿದ್ದೆ. ಆದರೆ ರಾಜನ ಹಾಗೆ ಎತ್ತುತ್ತಿದ್ದೆ.

ನನ್ನ ರಾಜ್ಯ ಯಾವುದೆಂದರೆ, ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದ್ದ ಪುಟ್ಟ ಎಪಿಸ್ಕೋಪಲ್ ಚರ್ಚು. ಎಪಿಸ್ಕೋಪಲ್ ಎಂದರೆ ಇಂಗ್ಲೆಂಡಿನವರ ಚರ್ಚಿಗೆ ಅಮೆರಿಕದಲ್ಲಿರುವ ದಾಯಾದಿ ಎಂದಷ್ಟೇ ನನಗೆ ಅರ್ಥವಾಗಿತ್ತು. ನಾವೇನೂ ಅದರ ಸದಸ್ಯರಲ್ಲ. ಟವೆಲ್ಲು ಇಡುವ ಕಪಾಟಿನ ಮೇಲಿನ ಅರೆಯಲ್ಲಿ ನಮ್ಮ ಮನೆದೇವರು ನರಸಿಂಹ ಬೆಚ್ಚಗೆ ಕುಳಿತಿದ್ದ. ಆದರೆ ನಾವು ಬಂದ ಮೊದಲ ಚಳಿಗಾಲದಲ್ಲಿ ಹಿಮದಲ್ಲಿ ಹೂತುಹೋದ ನಮ್ಮ ಕಾರನ್ನು ಪಕ್ಕದ ಮನೆಯ ಎಲೆನರ್ ಎಂಬ ನಿವೃತ್ತ ಸ್ಕೂಲ್ ಮೇಡಂ ತಾನೇ ಸಲಿಕೆ ಹಿಡಿದು ಬಿಡಿಸಿಕೊಟ್ಟಳು. ಆಮೇಲೆ, "ಮಂಗಳವಾರ ಸಂಜೆ ಚರ್ಚಿಗೆ ಬನ್ನಿ, ಪ್ಯಾನ್‌ಕೇಕ್ ಇದೆ" ಎಂದಳು. ಕಾರು ಬಿಡಿಸಿಕೊಟ್ಟವಳಿಗೆ ಇಲ್ಲ ಎನ್ನುವುದು ಹೇಗೆ? ಹೋದ ಮೇಲೆ ತಿಳಿಯಿತು, ಮಾರನೆಯ ದಿನದಿಂದ ಅವರಿಗೆ ಲೆಂಟ್ ಎಂಬ ಉಪವಾಸದ ಕಾಲ, ಅದಕ್ಕೆ ಹಿಂದಿನ ದಿನವೇ ಬೆಣ್ಣೆ, ಸಕ್ಕರೆ ಎಲ್ಲ ಖಾಲಿಮಾಡುತ್ತಾರೆ ಎಂದು. ಏಕಾದಶಿಯ ಉಪವಾಸಕ್ಕೆ ಎರಡು ಸಲ ಉಪ್ಪಿಟ್ಟು ಬಡಿಸಿಕೊಳ್ಳುತ್ತಿದ್ದ ಮನೆಯಿಂದ ಬಂದವನು ನಾನು. ಈ ಜನರ ಜೊತೆ ನನಗೆ ಹೊಂದುತ್ತದೆ ಎಂದು ಆ ಕ್ಷಣವೇ ಅನ್ನಿಸಿತು.

ಅಲ್ಲಿಂದ ನಮ್ಮ ಪಂಚಾಂಗವೇ ಬದಲಾಯಿತು. ವಸಂತ ಬಂದರೆ ಹಳೆಯ ಸಾಮಾನುಗಳ ಮಾರಾಟ; ವಿಮಲಾ ಗಾಜಿನ ಪಾತ್ರೆಗಳ ಮೇಜಿನ ಹಿಂದೆ ನಿಂತು, ಚೌಕಾಸಿ ಎಂಬ ವಿದ್ಯೆಯನ್ನೇ ಕಾಣದ ಆ ಊರಿನವರಿಗೆ ಅದನ್ನು ಕಲಿಸಿದಳು. ಜೂನ್ ತಿಂಗಳಲ್ಲಿ ಚರ್ಚಿನ ಹುಲ್ಲುಹಾಸಿನ ಮೇಲೆ ಸ್ಟ್ರಾಬೆರಿ ಸಂಜೆ. ಎಲೆ ಉದುರುವ ಕಾಲದಲ್ಲಿ ಎಲ್ಲರೂ ಸೇರಿ ಅಂಗಳ ಗುಡಿಸುವುದು, ಗುಡಿಸಿದ ರಾಶಿಯಲ್ಲಿ ಮಕ್ಕಳು ಬಿದ್ದು ಹೊರಳುವುದು, ಮತ್ತೆ ಗುಡಿಸುವುದು. ಡಿಸೆಂಬರಿನಲ್ಲಿ ಹಸಿರು ಕೊಂಬೆಗಳ ಹಾರ ಕಟ್ಟುವುದು. ಹೂ ಕಟ್ಟಿ ಗೊತ್ತಿದ್ದ ವಿಮಲಾಳ ಹಾರಕ್ಕೆ ಎಲ್ಲಿಲ್ಲದ ಗಿರಾಕಿ. ನಾನು ಮಾತು ಮಾತಿಗೆ "ನಮ್ಮ ಚರ್ಚಿನಲ್ಲಿ" ಎನ್ನುವುದನ್ನು ಕೇಳಿ ಕೇಳಿ ಶಾಮ್‌ಬರ್ಗಿನ ಸ್ನೇಹಿತರೊಬ್ಬರು ಒಂದು ದಿನ ಫೋನಿನಲ್ಲಿ ದನಿ ತಗ್ಗಿಸಿ, "ಏನ್ ಸ್ವಾಮಿ, ಕನ್ವರ್ಟ್ ಆಗ್ಬಿಟ್ರಂತೆ?" ಎಂದು ಕೇಳಿದರು. "ಇಲ್ಲ ಸ್ವಾಮಿ, ಬರೀ ರಾಜ ಆಗಿದೀನಿ" ಎಂದೆ.

ಆದದ್ದು ಹೀಗೆ. ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಚರ್ಚಿನಲ್ಲಿ ನಾಟಕ. ಏಸು ಹುಟ್ಟಿದಾಗ ನಕ್ಷತ್ರ ನೋಡಿಕೊಂಡು ಮೂಡಣ ದೇಶದಿಂದ ಮೂವರು ಜ್ಞಾನಿಗಳು ಬಂದರಲ್ಲ, ಇವರು ಅವರನ್ನು ರಾಜರೆಂದೇ ಕರೆದು ಕಿರೀಟ ಹಾಕಿಸುತ್ತಾರೆ. ನಮ್ಮ ಕನ್ನಡದ ಕ್ರೈಸ್ತರು ಅವರನ್ನು ಜೋಯಿಸರು ಎನ್ನುತ್ತಾರೆಂದು ಮೈಸೂರಿನ ಕಾಲೇಜಿನಲ್ಲಿ ಸಹಪಾಠಿಯೊಬ್ಬ ಹೇಳಿದ್ದ. ನನ್ನ ತಾತ ಸಾಕ್ಷಾತ್ ಜೋಯಿಸರು. ನಾನೋ ರಾಜರ ಊರಿನವನು. ಎರಡು ಕಡೆಯಿಂದಲೂ ಈ ಪಾತ್ರಕ್ಕೆ ನನಗೆ ಹಕ್ಕಿದೆಯೆಂದು ನಾಟಕ ಆಡಿಸುವ ಎಲೆನರ್‌ಗೆ ವಿವರಿಸಿದೆ. ಮದುವೆಯಲ್ಲಿ ನನಗೆ ತೊಡಿಸಿದ್ದ ಜರಿಪೇಟ ತೋರಿಸಿದ ಮೇಲೆ ಅವಳು ಮೂರನೆಯ ರಾಜನ ಪಾತ್ರಕ್ಕೆ ನನ್ನ ಹೆಸರನ್ನೇ ಬರೆದುಕೊಂಡಳು. ಮೇಲುವಸ್ತ್ರಕ್ಕೆ ವಿಮಲಾಳ ಧಾರೆ ಸೀರೆ. ನಾನು ಗಂಭೀರವಾಗಿ ನಡೆದು ಬರುವಾಗ ಸಭೆಯೆಲ್ಲ ನನ್ನನ್ನು ನೋಡಿದರೆ ವಿಮಲಾ ಸೀರೆಯ ಅಂಚು ನೆಲ ಗುಡಿಸುತ್ತಿದೆಯೇ ಎಂದು ನೋಡುತ್ತಿದ್ದಳು.

ಎಲ್ಲ ರಾಜರಿಗೂ ಒಬ್ಬ ಶತ್ರು ಇರುತ್ತಾನೆ. ನನ್ನವನು ಹೆರಲ್ಡ್ ಎಂಬ ವಕೀಲ. ನಾನು ಬರುವ ಮುಂಚೆ ಆ ಮೂರನೆಯ ರಾಜನ ಪಾತ್ರ, ಅದಕ್ಕಿರುವ ಒಂದು ಹಾಡಿನ ಸಮೇತ, ಅವನದು. ಅವನ ಕಂಠ ದೊಡ್ಡದು. ಅವನನ್ನು ಚಿನ್ನ ಹಿಡಿದು ಬರುವ ಮೊದಲ ರಾಜನನ್ನಾಗಿ ಮಾಡಿದ್ದರು. ಚಿನ್ನ ಸಿಕ್ಕಿದರೂ ಅವನಿಗೆ ಸಮಾಧಾನವಿಲ್ಲ. ನನ್ನ ಎರಡನೆಯ ವರ್ಷದಲ್ಲಿ, ಭಕ್ತಿಯ ಭರದಲ್ಲಿ, ನಾನು ಕೂಸು ಏಸುವನ್ನು ಮಲಗಿಸಿದ್ದ ಗೋದಲಿಯ ಮುಂದೆ ಸಾಷ್ಟಾಂಗ ಹಾಕಿಬಿಟ್ಟೆ. ಪೇಟ ತಲೆಯಿಂದ ಕಳಚಿ ಉರುಳುತ್ತಾ ಕುರಿಗಳ ಕಡೆಗೆ ಹೋಯಿತು. ಕುರಿಯ ವೇಷ ಹಾಕಿದ್ದ ಮಕ್ಕಳು ಅದನ್ನು ಅಟ್ಟಿಸಿಕೊಂಡು ಹೋದವು. ಪವಿತ್ರ ನಾಟಕ ನಗೆಪಾಟಲಾಯಿತು ಎಂದು ಹೆರಲ್ಡ್ ಪಾದ್ರಿಗಳಾದ ಫಾದರ್ ಟಾಮ್ ಅವರ ಹತ್ತಿರ ದೂರು ಒಯ್ದ. ಕೊನೆಗೆ ಎಲೆನರ್ ನನಗೆ ಮೆತ್ತಗೆ ಹೇಳಿದಳು: ಮುಂದಿನ ವರ್ಷವೂ ಏನಾದರೂ ಎಡವಟ್ಟಾದರೆ ಪಾತ್ರ ಹೆರಲ್ಡನಿಗೆ ವಾಪಸ್ಸು. ಆಫೀಸಿನಲ್ಲಿ ನನಗೆ ಎರಡು ವರ್ಷದಿಂದ ಬಡ್ತಿ ತಪ್ಪಿತ್ತು, ಅದಕ್ಕೆ ನಾನು ಇಷ್ಟು ನಿದ್ದೆಗೆಟ್ಟಿರಲಿಲ್ಲ.

ಆ ಮುಂದಿನ ವರ್ಷವೇ ಅಮ್ಮ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗಿರಲು ಮೈಸೂರಿನಿಂದ ಬಂದಳು. ಸೀರೆಯ ಮೇಲೆ ಕೋಟು, ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಹಿಮದ ಬೂಟು, ಸೊಂಟದಲ್ಲಿ ಸಣ್ಣ ಚೀಲ. ಆಗ ನಮ್ಮ ಮಗಳು ಕೈಕೂಸು. ಹೀಗಾಗಿ ಆ ಚೀಲದಲ್ಲಿ ಬಜೆ, ಕಾಡಿಗೆ ಡಬ್ಬಿ ಸದಾ ಇರುತ್ತಿದ್ದವು. ನಾಟಕದ ಕಥೆ ಹೇಳಿದಾಗ ಅಮ್ಮ ಆಸಕ್ತಿಯಿಂದ ಕೇಳಿದಳು. ಮೂರನೆಯ ರಾಜ ಕೊಡುವುದು ರಕ್ತಬೋಳವೆಂಬ ಔಷಧದ ಅಂಟು ಎಂದಾಗ ಮಾತ್ರ, "ಬಾಣಂತಿ ಇರೋ ಮನೆಗೆ ಸರಿಯಾಗೇ ತಂದಿದಾನೆ. ಅವನ ಜೊತೆ ಯಾರೋ ಹೆಂಗಸರು ಬಂದಿರ್ಬೇಕು, ಗಂಡಸರಿಗೆ ಇದೆಲ್ಲ ಹೊಳೆಯಲ್ಲ" ಎಂದು ತೀರ್ಪು ಕೊಟ್ಟಳು. ನಾನು, "ಅಮ್ಮ, ನೀನು ಸುಮ್ನೆ ಕೂತು ನೋಡಿದ್ರೆ ಸಾಕು" ಎಂದು ಮೂರು ಸಲ ಹೇಳಿದೆ. ಅಮ್ಮ ಮೂರು ಸಲವೂ ಆಗಲಿ ಎಂದಳು.

ಆ ವರ್ಷ ಗೋದಲಿಯಲ್ಲಿ ಮಲಗಿಸಿದ್ದು ಕ್ಯಾರೊಲ್ ಎಂಬ ಹುಡುಗಿಯ ಚೊಚ್ಚಲ ಮಗು. ಏಸುವಿನ ತಾಯಿ ಮರಿಯಳ ಪಾತ್ರವೂ ಅವಳದೇ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ ಬಹಳ ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಷ್ಟು ದಿನವೂ ಚರ್ಚಿನವರೆಲ್ಲ ಸರದಿಯ ಮೇಲೆ ಅವಳ ಮನೆಗೆ ಅಡುಗೆ ಕಳಿಸಿದ್ದೆವು. ವಿಮಲಾಳ ಬಿಸಿಬೇಳೆಭಾತನ್ನು ಕ್ಯಾರೊಲಳ ಗಂಡ ಕಣ್ಣಲ್ಲಿ ನೀರು ಹಾಕಿಕೊಂಡು ತಿಂದನಂತೆ. ಅದು ಭಾವುಕತೆಯೋ ಖಾರವೋ ತಿಳಿಯದು. ಹಾಗಾಗಿ ಆ ಸಂಜೆ ಎಲ್ಲರಿಗೂ ಮಗುವನ್ನೇ ನೋಡುವ ಆತುರ. ದೀಪ ಹತ್ತಿದ್ದೇ ತಡ, ಹಿಂದಿನ ಸಾಲಿನವರು ಎದ್ದು ನಿಂತು ಕತ್ತು ಚಾಚಿದರು. ಎಷ್ಟು ಚೆಂದ, ಎಷ್ಟು ದುಂಡಗಾಗಿದೆ ಎಂದು ಎಲ್ಲ ಕಡೆಯಿಂದಲೂ ಉದ್ಗಾರ.

ಹೆರಲ್ಡ್ ಚಿನ್ನ ಇಟ್ಟ. ಎರಡನೆಯ ರಾಜ ಧೂಪ ಇಟ್ಟ. ನಾನು ನನ್ನ ಹಾಡನ್ನು ಶ್ರುತಿ ಬಿಡದೆ ಮುಗಿಸಿ, ಪೇಟವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಸಾಷ್ಟಾಂಗದ ಆಸೆಯನ್ನು ನುಂಗಿಕೊಂಡು ಒಂದೇ ಮಂಡಿ ಊರಿದೆ. ಅಷ್ಟರಲ್ಲಿ ಹಿಂದಿನಿಂದ ಟಪ ಟಪ ಎಂದು ಬೂಟಿನ ಸದ್ದು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಆ ನಡಿಗೆಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ.

"ಇಷ್ಟು ಜನ ಒಟ್ಟಿಗೆ ನೋಡ್ತಿದಾರೆ, ಕೂಸಿಗೆ ಒಂದು ದೃಷ್ಟಿಬೊಟ್ಟು ಬೇಡವೇನೋ? ಪಕ್ಕದಲ್ಲೇ ಇದೀಯ, ಹೇಳ್ಬಾರ್ದಾ?" ಎಂದಳು ಅಮ್ಮ.

"ಅಮ್ಮಾ, ಇದು ನಾಟಕ" ಎಂದೆ ಹಲ್ಲು ಕಚ್ಚಿಕೊಂಡು.

"ಮಗು ನಾಟಕದ್ದಲ್ಲವಲ್ಲ."

ಡಬ್ಬಿ ತೆರೆದು, ಬೆರಳಿಗೆ ಕಾಡಿಗೆ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ ಮಗುವಿನ ಕೆನ್ನೆಗೆ ದುಂಡಗೆ ಒಂದು ಬೊಟ್ಟಿಟ್ಟಳು. ಆಮೇಲೆ ಎರಡೂ ಕೈಗಳಿಂದ ಮಗುವಿನ ಮುಖ ನೀವಿ, ತನ್ನ ತಲೆಯ ಎರಡೂ ಪಕ್ಕಕ್ಕೆ ಬೆರಳೊತ್ತಿ ನೆಟಿಕೆ ಮುರಿದಳು. ನಿಶ್ಶಬ್ದವಾಗಿದ್ದ ಚರ್ಚಿನಲ್ಲಿ ಹತ್ತು ಬೆರಳೂ ಪಟಪಟನೆ ಸಿಡಿದವು. ಹೆರಲ್ಡ್ ನನ್ನ ಕಡೆ ನೋಡಿದ ನೋಟದಲ್ಲಿ ನನ್ನ ರಾಜ್ಯ ಮುಗಿದಿತ್ತು. ಫಾದರ್ ಟಾಮ್ ಎದ್ದು ಬಂದು ಇದೇನೆಂದು ಮೆಲ್ಲಗೆ ಕೇಳಿದರು. ಪೇಟ ಹಿಡಿದುಕೊಂಡೇ, ಮಂಡಿಯ ಮೇಲೇ, ನಾನು ಇಡೀ ಸಭೆಗೆ ಹೇಳಿದೆ: ನಮ್ಮಲ್ಲಿ ಚೆಂದದ ಮಗುವಿಗೆ ಕಣ್ಣು ತಾಗದಿರಲಿ ಎಂದು ಹೀಗೊಂದು ಕಪ್ಪು ಚುಕ್ಕೆ ಇಡುತ್ತಾರೆ, ಮಗುವಿಗೆ ತಾಗಬೇಕಾದ್ದನ್ನು ದೊಡ್ಡವರು ತಮ್ಮ ತಲೆಗೆ ಒತ್ತಿಕೊಂಡು ಮುರಿದುಹಾಕುತ್ತಾರೆ, ನಮ್ಮಮ್ಮ ಈಗ ಮಾಡಿದ್ದು ಅದು. ಕ್ಯಾರೊಲ್ ನನ್ನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಅಮ್ಮನ ಕಾಡಿಗೆಯ ಕೈಯನ್ನು ತನ್ನ ಎರಡು ಕೈಗಳಲ್ಲೂ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಸ್ಪತ್ರೆಯಲ್ಲಿ ಎಲ್ಲರೂ ಧೈರ್ಯ ಹೇಳಿದರು, ತನ್ನ ಭಯವನ್ನು ತಲೆಯ ಮೇಲೆ ಹಾಕಿಕೊಂಡವರು ಇವರೊಬ್ಬರೇ ಎಂದಳು. ಅಮ್ಮನಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ. "ಅಳಬೇಡ್ವೇ, ಹಾಲು ಬತ್ತತ್ತೆ" ಎಂದು ಕನ್ನಡದಲ್ಲೇ ಗದರಿದಳು. ನನ್ನ ಎದೆ ಉಬ್ಬಿ ವಿಮಲಾಳ ಧಾರೆ ಸೀರೆಯ ಪಿನ್ನು ಕಳಚಿಕೊಂಡಿತು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ಪಟ್ಟದ್ದು ಮತ್ತೆ ನೆನಪಿಲ್ಲ.

ಆ ಬೊಟ್ಟನ್ನು ಅಳಿಸಲು ಕ್ಯಾರೊಲ್ ಒಪ್ಪಲಿಲ್ಲ. ನಾಟಕದ ನಂತರ ಕೆಳಗಿನ ಹಾಲಿನಲ್ಲಿ ಕಾಫಿ ಕುಡಿಯುವಾಗ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಅಮ್ಮನ ಮುಂದೆ ಸಾಲು ನಿಂತರು. ಕುರಿಗಳೂ ಬೊಟ್ಟಿಡಿಸಿಕೊಂಡವು. ಹೆರಲ್ಡ್ ಕೊನೆಗೆ ಬಂದು, ವಕೀಲರಿಗೂ ಇಡಬಹುದೇ ಎಂದು ನನ್ನನ್ನು ಕೇಳಿದ. ವಕೀಲರಿಗೆ ಯಾರ ಕಣ್ಣೂ ತಾಗುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅಮ್ಮ ಅವನ ಬೋಳುಹಣೆಗೆ ಇಟ್ಟಾಗಿತ್ತು. ನನ್ನ ಸಿಂಹಾಸನ ಇನ್ನು ಅಲುಗಾಡುವುದಿಲ್ಲವೆಂದು ನೆಮ್ಮದಿಯಿಂದ ಮನೆಗೆ ಬಂದೆ.

ಮುಂದಿನ ನವೆಂಬರಿನಲ್ಲಿ ಎಲೆನರ್ ಫೋನ್ ಮಾಡಿದಳು. ನಾನು ರಾಜಗಾಂಭೀರ್ಯದಿಂದ ಹಲೋ ಎಂದೆ. "ಅಮ್ಮ ಇದ್ದಾರಾ?" ಎಂದಳು. ಅಮ್ಮನ ಇಂಗ್ಲಿಷ್ ಆಗ ಎಸ್, ನೋ, ಥ್ಯಾಂಕ್ಯೂ ಇಷ್ಟೇ. ಆ ಮೂರರಲ್ಲೇ ಬಹಳ ಹೊತ್ತು ಮಾತಾಡಿ ಫೋನ್ ಇಟ್ಟು, "ಈ ಸಲ ನಾನೇ ಅಂತೆ ಕಣೋ ರಾಜ" ಎಂದಳು. ಹೆಂಗಸರು ಪಾದ್ರಿಗಳಾಗಬಹುದೇ ಎಂದು ಆ ಚರ್ಚಿನ ದೊಡ್ಡವರು ದೇಶವೆಲ್ಲ ವಾದ ಮಾಡುತ್ತಿದ್ದ ಕಾಲ ಅದು. ಅವರ ವಾದ ಮುಗಿಯುವ ಮೊದಲೇ ನಮ್ಮ ಪುಟ್ಟ ಚರ್ಚಿನಲ್ಲಿ ಮೈಸೂರಿನ ಹೆಂಗಸು ರಾಜನಾಗಿದ್ದಳು. ಪೇಟ ಬೇಡ ಎಂದಳು. ರಕ್ತಬೋಳದ ಪೆಟ್ಟಿಗೆಯ ಬದಲು ಕಾಡಿಗೆ ಡಬ್ಬಿ ಸಾಕು ಎಂದಳು. ನನಗೆ ಛತ್ರದ ಯಜಮಾನನ ಪಾತ್ರ ಕೊಟ್ಟರು. ತುಂಬು ಬಸುರಿ ಮರಿಯಳನ್ನು ಕರೆದುಕೊಂಡು ಗಂಡ ಬಂದು ಬಾಗಿಲು ತಟ್ಟಿದಾಗ ಹೊರಗೆ ಇಣುಕಿ "ನೋ ರೂಮ್" ಎಂದು ಹೇಳಿ ಕದ ಹಾಕಿಕೊಳ್ಳುವುದು. ಅಷ್ಟೇ ನನ್ನ ಸಂಭಾಷಣೆ. ಚಿಕ್ಕ ಪಾತ್ರವಾದರೇನು, ಅದರಲ್ಲೇ ಹೆಸರು ಮಾಡಬೇಕೆಂದು ಹಟ ತೊಟ್ಟೆ. ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿ ಅಭ್ಯಾಸ ಮಾಡಿದೆ.

ಆ ಸಂಜೆ ನಾನು "ನೋ ರೂಮ್!" ಎಂದು ಗುಡುಗಿ ರಟ್ಟಿನ ಬಾಗಿಲು ದಢಾರನೆ ಹಾಕಿದಾಗ ಮುಂದಿನ ಸಾಲಿನ ಮಗುವೊಂದು ಹೆದರಿ ಅತ್ತಿತು. ನಟನಿಗೆ ಇನ್ನೇನು ಬೇಕು? ಅಷ್ಟರಲ್ಲಿ ಚರ್ಚಿನ ಹಿಂಬದಿಯಿಂದ, ಇನ್ನೂ ಪ್ರವೇಶವೇ ಇಲ್ಲದ ಮೂರನೆಯ ರಾಜನ ದನಿ ಕನ್ನಡದಲ್ಲಿ ಮೊಳಗಿತು: "ಲೋ! ತುಂಬಿದ ಬಸುರಿ ಕಣೋ! ಕೂತ್ಕೊಳಮ್ಮ, ನೀರು ಬೇಕಾ ಅಂತ ಒಂದು ಮಾತು ಕೇಳೋಕ್ಕೇನೋ ಬಂತು ನಿಂಗೆ?" ಸಭೆಗೆ ಕನ್ನಡ ಬಾರದಿದ್ದರೂ ತಾಯಿ ಮಗನನ್ನು ಬೈಯುತ್ತಿದ್ದಾಳೆಂದು ಕ್ಷಣಾರ್ಧದಲ್ಲಿ ತಿಳಿಯಿತು. ಹೆರಲ್ಡ್ ಚಿನ್ನದ ಪೆಟ್ಟಿಗೆಯ ಮೇಲೆ ಬಾಗಿ ನಕ್ಕ. ಆಮೇಲೆ ಮೆರವಣಿಗೆಯಲ್ಲಿ ಬಂದ ಅಮ್ಮ ನನ್ನ ಬಾಗಿಲ ಮುಂದೆಯೇ ಹಾದು ಹೋದಳು, ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ಹೋಗಿ ಆ ವರ್ಷದ ಮಗುವಿಗೆ ಬೊಟ್ಟಿಟ್ಟಳು. ನಿಜವಾದ ರಾಜ ಹಾಗೆ ನಡೆಯುತ್ತಾನೆ ಎಂದು ನನಗೆ ಅಂದು ಗೊತ್ತಾಯಿತು.

ಚಳಿಗೆ ಹೆದರಿ ಎರಡು ಬೀದಿಯ ದಾರಿಗೂ ಕಾರು ತಂದಿದ್ದೆ; ಅಮ್ಮ ಹಿಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕುಳಿತಳು. ಅತ್ತೆ ಸೊಸೆಯರನ್ನು ಬಾಗಿಲಲ್ಲಿ ಇಳಿಸಿ, ಕಾರು ಗರಾಜಿಗೆ ಹಾಕಿ, ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ಬಂದು ನೋಡಿದರೆ ಮನೆಯ ಕದ ಹಾಕಿತ್ತು. ತಟ್ಟಿದೆ. ಒಳಗೆ ಬೂಟಿನ ಸದ್ದು ಹತ್ತಿರ ಬಂದು ನಿಂತಿತು. ಮತ್ತೆ ತಟ್ಟಿದೆ. "ನೋ ರೂಮ್" ಎಂದಳು ಅಮ್ಮ. ವಾರಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ನನಗಿಂತ ಎಷ್ಟೋ ಚೆನ್ನಾಗಿ ಹೇಳಿದಳು ಎಂಬುದನ್ನು ಇಲ್ಲಿ ಹೆಮ್ಮೆಯಿಂದಲೇ ದಾಖಲಿಸುತ್ತೇನೆ.