ಸಾಯುವವನ ಮಾತಿಗೆ ಅಡ್ಡ ಬಂದ ಅಂಗಡಿಯವನ ಕುರಿತು

ಕೋಟಿಗಟ್ಟಲೆ ಸುರಿದು ವಿಡಿಯೋ ಗೇಮ್ ಕಟ್ಟುವ ಮಹಾಸಂಸ್ಥೆಯ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ, ಪರದೆ ಏಳುವ ಮೊದಲೇ ಪ್ರೇಕ್ಷಕರ ಜೇಬು ಹಗುರ ಮಾಡಿ, ಎದ್ದ ಮೇಲೂ ಕೈ ತೆಗೆಯದ ತಮ್ಮ ಕಲೆಗೆ ನಾಟಕ ಕಂಪನಿಯ ಈ ಹಳೆಯ ಖಳನಾಯಕ ಕಿರೀಟ ಕಳಚಿ, ನಡು ಬಗ್ಗಿಸಿ, ಕೊನೆಯ ಸಾಲಿನವರಿಗೂ ಕೇಳುವಂತೆ ನಮಸ್ಕಾರ ಹೇಳುತ್ತಿದ್ದಾನೆ.

ನನ್ನ ಅಕ್ಕ ರಂಗದ ಮೇಲೆ ರಾಣಿಯಾಗಿಯೇ ಬಾಳಿದವಳು. ಮಂಡಿಯ ಆಪರೇಷನ್ ಆದಮೇಲೆ, ದಿನಾ ನಡೆದಾಡದಿದ್ದರೆ ಕಾಲು ಹಾಗೇ ಬಿಗಿದುಕೊಂಡುಬಿಡುತ್ತದೆಂದು ಡಾಕ್ಟರು ಗದರಿದರೂ ಕುರ್ಚಿ ಬಿಡಲೊಲ್ಲಳು. ಪುಸಲಾಯಿಸಲೆಂದು ತಮ್ಮ ಸಂಸ್ಥೆಯ, ರಾಣಿಯ ಯುದ್ಧದ ಗೇಮನ್ನು ಪೂರ್ತಿ ಬೆಲೆ ತೆತ್ತು ತಂದೆ. “ಈ ರಾಣಿ ಸಿಂಹಾಸನ ಹತ್ತಿದ ದಿನ ನಾನೂ ಎದ್ದು ನಡೀತೀನಿ, ಹೋಗೋ” ಎಂದು ಅಕ್ಕ ಮಾತು ಕೊಟ್ಟಳು. ಅಕ್ಕನ ಕಾಲು ಹೀಗೆ ತಮ್ಮ ಕೈಗೆ ಬಂತು.

ಮೊದಲ ಯುದ್ಧಕ್ಕೆ ಮುನ್ನವೇ, ಗೇಮಿನೊಳಗೇ ಸಾಮಾನು ಮಾರುವ ತಮ್ಮ ಅಂಗಡಿಯವನು ತೆರೆಯ ಮೇಲೆ ಬಂದು ಜರಿಯ ಮೇಲಂಗಿ ಚಾಚಿ ‘ಸ್ವೀಕರಿಸಿ’ ಎಂದ. ನಮ್ಮ ಕಂಪನಿಯಲ್ಲಿ ಸೈಡ್ ವಿಂಗಿನಿಂದ ಉಡುಪಿನವನು ಚಾಚಿದ್ದನ್ನು ನಟಿ ಮರುಮಾತಿಲ್ಲದೆ ತೊಡಬೇಕು, ಅಲ್ಲಿ ದುಡ್ಡಿನ ಮಾತೇ ಇಲ್ಲ. ಆದ್ದರಿಂದ ಅಕ್ಕ ಮೇಲಂಗಿಯನ್ನೂ, ಕತ್ತಿಯ ಹೊಸ ಹಿಡಿಯನ್ನೂ, ಬಿಳಿ ಕುದುರೆಯನ್ನೂ, ಆ ಕುದುರೆಗೊಂದು ಟೋಪಿಯನ್ನೂ ರಾಜಗಾಂಭೀರ್ಯದಿಂದ ಸ್ವೀಕರಿಸಿದಳು. ಗೇಮಿಗೆ ಜೋಡಿಸಿದ್ದು ನನ್ನ ಖಾತೆ, ನನ್ನ ಮೊಬೈಲಿನಲ್ಲಿ ದುಡ್ಡು ಹೋದ ಬ್ಯಾಂಕಿನ ಮೆಸೇಜುಗಳು ನಗಾರಿ ಬಾರಿಸಿದವು. “ಏನೋ ಅದು ಸದ್ದು?” ಎಂದಳು. “ಚಪ್ಪಾಳೆ ಅಕ್ಕಾ” ಎಂದೆ.

ಅಂತೂ ಕೋಟೆ ಬಾಗಿಲಿಗೆ ಬಂದೆವು. ಬಾಣ ತಗುಲಿದ ಮುದಿ ಸೇನಾಪತಿ ರಾಣಿಯ ತೊಡೆಯ ಮೇಲೆ ತಲೆಯಿಟ್ಟು, ಸಿಂಹಾಸನದ ದಾರಿ ಹೇಳಲು ಬಾಯಿ ತೆರೆದ. ಅಕ್ಕನ ಕಣ್ಣು ತುಂಬಿತ್ತು. ಆಗ ಬಂದ ನೋಡಿ ಆ ಮಹಾನುಭಾವ! ಸೇನಾಪತಿಯ ಮುಖಕ್ಕೆ ಅಡ್ಡ ನಿಂತು, ಹಲ್ಲು ಕಿರಿದು, ಕೊನೆಯ ಅಂಕಕ್ಕೆ ಬೇರೆ ದುಡ್ಡು ಎಂದ.

“ಸಾಯೋನ ಮಾತಿಗೆ ಅಡ್ಡ ಬರ್ತೀಯೇನೋ? ಯಾವ ಕಂಪನಿಯೋ ನಿಂದು!”

ಸಹನಟನ ಸಾವಿನ ದೃಶ್ಯದಲ್ಲಿ ಕೆಮ್ಮಿದವರನ್ನೂ ಕ್ಷಮಿಸದ ಅಕ್ಕ ಎದ್ದಳು, ಕೋಣೆ ದಾಟಿದಳು, ಗೋಡೆಯ ಪ್ಲಗ್ಗನ್ನು ಕಿತ್ತೆಸೆದಳು. ಆಮೇಲೆ ತನ್ನ ಕಾಲು ನೋಡಿಕೊಂಡು, “ಲೋ, ನಾನ್ಯಾವಾಗ ಇಲ್ಲಿಗೆ ಬಂದೆ?” ಎಂದಳು. ನಾನು ಚಪ್ಪಾಳೆ ತಟ್ಟಿದೆ, ಈ ಸಲ ನಿಜವಾದದ್ದನ್ನೇ.

ಆದ್ದರಿಂದ ಮಾನ್ಯರೇ, ಬೈಯಲೆಂದು ಹಿಡಿದ ಪೆನ್ನು ಹೊಗಳುವಂತಾಗಿದೆ. ಡಾಕ್ಟರ ಕೈಲಾಗದ್ದನ್ನು ತಮ್ಮ ದುರಾಸೆ ಸಾಧಿಸಿತು. ದಯವಿಟ್ಟು ಆ ಅಂಗಡಿಯವನನ್ನು ದಿನಾ ಬೆಳಿಗ್ಗೆ ನಮ್ಮಲ್ಲಿಗೆ ಕಳಿಸಿಕೊಡಿ. ಮೊದಲು ಅಡುಗೆಮನೆಯ ಬಾಗಿಲಲ್ಲಿ, ಆಮೇಲೆ ಮೆಟ್ಟಿಲ ಕೆಳಗೆ, ಮುಂದೆ ಬೀದಿಯ ತುದಿಯಲ್ಲಿ ನಿಂತು ಅವನು ಹಲ್ಲು ಕಿರಿಯಲಿ, ಅಕ್ಕ ಅಟ್ಟಿಸಿಕೊಂಡು ಹೋಗಲಿ. ಇದಾಗದಿದ್ದರೆ ಆ ಸೇನಾಪತಿಗಾದರೂ ಮಾತು ಮುಗಿಸಿ ಸಾಯಲು ಅಪ್ಪಣೆ ಕೊಡಿ. ಪಾಪ, ಬಾಯಿ ತೆರೆದುಕೊಂಡೇ ಇದ್ದಾನೆ.

ರಂಗದ ಮೇಲೆ ಬಾಳೆಲ್ಲ ಖಳನಾಗಿ ಮೆರೆದರೂ ತಮ್ಮೆದುರು ಇನ್ನೂ ಶಿಷ್ಯನಾಗಿರುವ,
ತಮ್ಮ ವಿಶ್ವಾಸಿ

ಮರೆತ ಮಾತು: ತಮ್ಮ ಗೇಮಿನಲ್ಲಿ ಕಾವಲುಗಾರರು ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾರೆ, ಮಂತ್ರಿಗಳು ನೆಲದಿಂದ ಮೊಳದೆತ್ತರ ತೇಲುತ್ತಾರೆ. ಅಂಗಡಿಯವನು ಮಾತ್ರ ಒಮ್ಮೆಯೂ ತಡವರಿಸಿಲ್ಲ. ಅವನೊಬ್ಬನಿಗೇ ರಿಹರ್ಸಲ್ ಆಗಿದೆ ಎಂದು ಅಕ್ಕ ಹೇಳಿದಳು, ನಡೆಯುತ್ತಲೇ.